ಸವಾರಿಗೆ ಒದಗದ ವಯಸ್ಸಾದ ಕುದುರೆಗೆ ತೋಟದಲ್ಲಿ ನೆಲೆ: ಮೇವು, ಆರೈಕೆ ಮತ್ತು ಮುನ್ನೆಚ್ಚರಿಕೆಗಳು

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳಲ್ಲಿ ಕುದುರೆ ಸಾಕಣೆ ರೈತರ ಕಸುಬಲ್ಲ. ಇಲ್ಲಿನ ಕೊಟ್ಟಿಗೆಗಳು ಮಿಶ್ರತಳಿ ಹಸು, ಎಮ್ಮೆ, ಕುರಿ, ಮೇಕೆ ಮತ್ತು ಹಳ್ಳಿಕಾರ್ ಎತ್ತುಗಳಿಗಾಗಿ ಕಟ್ಟಿದವು. ಆದರೆ ಈ ಜಿಲ್ಲೆಯ ನಡುವಿರುವ ಬೆಂಗಳೂರು ನಗರದಲ್ಲಿ ಕುದುರೆ ಪಂದ್ಯ, ಸವಾರಿ ಶಾಲೆ ಹಾಗೂ ಮದುವೆ ಮೆರವಣಿಗೆಗಳಿಗಾಗಿ ಇಂದಿಗೂ ಕುದುರೆಗಳು ದುಡಿಯುತ್ತಿವೆ. ನೆಲಮಂಗಲದಿಂದ ಪಶ್ಚಿಮಕ್ಕೆ ಹೋದರೆ ಹೈದರ್ ಮತ್ತು ಟಿಪ್ಪು ಕಾಲದ ನಂಟು ಹೊಂದಿರುವ ಕುಣಿಗಲ್ ಕುದುರೆ ಫಾರಂ ಸಿಗುತ್ತದೆ. ಹೀಗಾಗಿ ಕೆಲಸ ಮುಗಿದ ಕುದುರೆಗಳು ನೆಲೆ ಅರಸಿ ಬರುವುದು ಸಹಜವಾಗಿಯೇ ನಗರದ ಅಂಚಿನ ತೋಟಗಳ ಕಡೆಗೆ.

ಪಂದ್ಯದ ಕುದುರೆ ಎರಡನೆಯ ವಯಸ್ಸಿನಲ್ಲಿ ಓಟ ಆರಂಭಿಸುತ್ತದೆ; ಬಹುತೇಕ ಕುದುರೆಗಳ ಓಟ ಹತ್ತು ವರ್ಷ ತುಂಬುವ ಮೊದಲೇ ಮುಗಿದಿರುತ್ತದೆ. ಸರಿಯಾದ ಆರೈಕೆಯಿದ್ದರೆ ಕುದುರೆಯ ಆಯುಸ್ಸು 25ರಿಂದ 30 ವರ್ಷ. ಎಂದರೆ ದುಡಿಮೆಗಿಂತ ನಿವೃತ್ತಿಯೇ ದೀರ್ಘ. 2019ರ 20ನೇ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿದ್ದ ಕುದುರೆ ಮತ್ತು ತಟ್ಟುಗಳ ಸಂಖ್ಯೆ ಸುಮಾರು 3.4 ಲಕ್ಷ, 2012ರ ಗಣತಿಗೆ ಹೋಲಿಸಿದರೆ ಶೇ. 45ಕ್ಕೂ ಹೆಚ್ಚಿನ ಇಳಿಕೆ. ಗಾಡಿ, ಜಟಕಾ, ಇಟ್ಟಿಗೆ ಗೂಡುಗಳ ಕೆಲಸ ಕಡಿಮೆಯಾದಂತೆಲ್ಲ ಕುದುರೆಯನ್ನು ಸಾಕುವ ಕಾರಣವೂ ಕಡಿಮೆಯಾಗಿದೆ. ಮುಂಬಯಿಯ ವಿಕ್ಟೋರಿಯಾ ಗಾಡಿಗಳನ್ನು 2015ರಲ್ಲಿ ಅಲ್ಲಿನ ಹೈಕೋರ್ಟ್ ಕಾನೂನುಬಾಹಿರವೆಂದು ತೀರ್ಮಾನಿಸಿದಾಗಲೂ ಮೊದಲು ಎದ್ದ ಪ್ರಶ್ನೆ ಗಾಡಿಯವರ ಜೀವನೋಪಾಯದ ಜೊತೆಗೆ ಆ ಕುದುರೆಗಳು ಎಲ್ಲಿಗೆ ಹೋಗಬೇಕೆಂಬುದೇ ಆಗಿತ್ತು. ಬೆಂಗಳೂರಿನಲ್ಲಿ 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾದಂತಹ ಪ್ರಾಣಿದಯಾ ಸಂಸ್ಥೆಗಳಿವೆ. ಆದರೆ ಆಶ್ರಯಧಾಮಗಳ ಜಾಗ ಮತ್ತು ಮೇವಿಗೆ ಮಿತಿಯಿರುತ್ತದೆ. ರಕ್ಷಿಸಿದ ಕುದುರೆಗೆ ಒಳ್ಳೆಯ ಮನೆ ಸಿಕ್ಕರೆ ಮಾತ್ರ ಮತ್ತೊಂದಕ್ಕೆ ಅಲ್ಲಿ ಜಾಗ ತೆರವಾಗುತ್ತದೆ.

ಇಂತಹ ಕುದುರೆಯನ್ನು ಒಡನಾಡಿ ಪ್ರಾಣಿಯಾಗಿ ಸಾಕಲು ಮುಂದೆ ಬರುವ ತೋಟದ ಮಾಲೀಕರಿಗೂ ಅವರು ಸಲಹೆ ಕೇಳಿ ಬರುವ ವಿಸ್ತರಣಾ ಕಾರ್ಯಕರ್ತರಿಗೂ ಈ ಲೇಖನವನ್ನು ಸಿದ್ಧಪಡಿಸಲಾಗಿದೆ. ಲೇಖಕನು ಬೇಸಾಯಶಾಸ್ತ್ರದವನು, ರೋಗನಿದಾನ ಮತ್ತು ಔಷಧೋಪಚಾರ ಪಶುವೈದ್ಯರ ಕ್ಷೇತ್ರ. ಆದರೆ ಕರುಣೆಯಿಂದ ತಂದ ಕುದುರೆಗೆ ಹೊಸ ಮನೆಯಲ್ಲಿ ಎದುರಾಗುವ ದೊಡ್ಡ ಅಪಾಯವು ನಮ್ಮ ಹೊಲ ಮತ್ತು ಕೊಟ್ಟಿಗೆಯಿಂದಲೇ ಬರುತ್ತದೆ. ಹಸುವಿಗೆ ಹಿತವಾದ ಹಲವು ಮೇವುಗಳು ಕುದುರೆಗೆ ಹಿತವಲ್ಲ, ಕೆಲವು ಪ್ರಾಣಾಂತಿಕ. ಆದ್ದರಿಂದ ಇಲ್ಲಿ ಮೇವಿನ ವಿಚಾರಕ್ಕೇ ಹೆಚ್ಚು ಜಾಗ ನೀಡಲಾಗಿದೆ.

ಒಪ್ಪಿಕೊಳ್ಳುವ ಮೊದಲು ತಿಳಿಯಬೇಕಾದುದು

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು ಎಂದು ಕ್ಷಣದಲ್ಲಿ ಹೇಳಬಲ್ಲ ರೈತರು ಈ ಭಾಗದಲ್ಲಿದ್ದಾರೆ. ಆ ಅನುಭವ ಕುದುರೆಯಲ್ಲಿ ಸ್ವಲ್ಪ ಮಟ್ಟಿಗೆ ಮಾತ್ರ ನೆರವಿಗೆ ಬರುತ್ತದೆ. ಕುದುರೆಗೆ ಐದು ವರ್ಷಕ್ಕೆ ಬಾಯಿ ಕೂಡುತ್ತದೆ. ಎಂಟು ಹತ್ತು ವರ್ಷದ ನಂತರ ಹಲ್ಲು ನೋಡಿ ಹೇಳುವ ವಯಸ್ಸು ಅಂದಾಜು ಮಾತ್ರ. ದನಕ್ಕಿಲ್ಲದ ಮೇಲ್ದವಡೆಯ ಮುಂಹಲ್ಲುಗಳು ಕುದುರೆಗೆ ಇರುವುದರಿಂದ ಬಾಯಿಗೆ ಕೈ ಹಾಕುವ ಸಾಹಸ ಬೇಡ.

ವಯಸ್ಸಿಗಿಂತ ಮುಖ್ಯವಾದ ಪ್ರಶ್ನೆ, ಕುದುರೆ ಸವಾರಿಗೆ ಏಕೆ ಒದಗುತ್ತಿಲ್ಲ ಎಂಬುದು. ಕಣ್ಣು ಮಂಜಾದ ಕುದುರೆ, ಬೆನ್ನು ಬಾಗಿದ ಕುದುರೆ, ಸ್ನಾಯುರಜ್ಜು ಹರಿದು ವಾಸಿಯಾದ ಕುದುರೆ ಬಯಲಿನಲ್ಲಿ ಹಲವು ವರ್ಷ ನೆಮ್ಮದಿಯಿಂದ ಇರಬಲ್ಲವು. ನಿಂತಲ್ಲೇ ನೋವು ತಿನ್ನುವ ಕೀಲುಬೇನೆ ಅಥವಾ ಪದೇ ಪದೇ ಮರುಕಳಿಸುವ ಗೊರಸಿನ ಉರಿಯೂತ ಇರುವ ಕುದುರೆಯ ವಿಷಯ ಬೇರೆ. ಅದಕ್ಕೆ ಬೇಕಾಗುವುದು ಜೀವನಪೂರ್ತಿ ಚಿಕಿತ್ಸೆ. ಕೊಡುವವರು ‘ಸ್ವಲ್ಪ ಕುಂಟು’ ಎಂದರೆ ಅಷ್ಟಕ್ಕೆ ತೃಪ್ತರಾಗದೆ ಪಶುವೈದ್ಯರಿಂದ ನಡಿಗೆ, ಹಲ್ಲು, ಕಣ್ಣು, ಹೃದಯ ಮತ್ತು ಗೊರಸುಗಳ ತಪಾಸಣೆ ಮಾಡಿಸಿ ಬರವಣಿಗೆಯಲ್ಲಿ ಪಡೆಯತಕ್ಕದ್ದು.

ಎರಡನೆಯದು ರೋಗ ಪರೀಕ್ಷೆ. ಕುದುರೆ, ಕತ್ತೆ, ಹೇಸರಗತ್ತೆಗಳಿಗೆ ತಗುಲುವ ಗ್ಲಾಂಡರ್ಸ್ ಬ್ಯಾಕ್ಟೀರಿಯಾದಿಂದ ಬರುವ ರೋಗ. ಮನುಷ್ಯರಿಗೂ ಹರಡುತ್ತದೆ, ಲಸಿಕೆ ಇಲ್ಲ. ಮೂಗಿನಿಂದ ಅಂಟಾದ ಸ್ರಾವ, ಚರ್ಮದ ಮೇಲೆ ಸಾಲಾಗಿ ಒಡೆಯುವ ಗಂಟುಗಳು ಇದರ ಲಕ್ಷಣ. ಹೊರಗೆ ಏನೂ ಕಾಣದೆಯೂ ಇರಬಹುದು. 1899ರಷ್ಟು ಹಿಂದೆಯೇ ಇದಕ್ಕೆಂದೇ ಪ್ರತ್ಯೇಕ ಕಾಯ್ದೆ ಇತ್ತು; ಈಗ ಅದು 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯಲ್ಲಿ ಸೇರಿದೆ. ರೋಗ ದೃಢಪಟ್ಟ ಪ್ರಾಣಿಗೆ ಚಿಕಿತ್ಸೆಯ ಅವಕಾಶವಿಲ್ಲ, ದಯಾಮರಣವೇ ನಿಯಮ. ಸುತ್ತಲಿನ ಪ್ರದೇಶವನ್ನು ರೋಗಪೀಡಿತ ವಲಯವೆಂದು ಘೋಷಿಸಿ ಕುದುರೆಗಳ ಸಾಗಣೆಯನ್ನು ನಿರ್ಬಂಧಿಸಲಾಗುತ್ತದೆ. ಕುದುರೆಗೆ ರಕ್ತಪರೀಕ್ಷೆ ಆಗಿದೆಯೇ ಎಂದು ಕೇಳುವುದು ಅಪನಂಬಿಕೆಯ ಮಾತಲ್ಲ. ಕೊಡುವವರು ಇದಕ್ಕೆ ಬೇಸರಪಟ್ಟರೆ ಆ ಕುದುರೆಯನ್ನು ತಾರದಿರುವುದೇ ಲೇಸು. ಜೊತೆಗೆ ಕುದುರೆಯ ಸಾಂಕ್ರಾಮಿಕ ರಕ್ತಹೀನತೆ ಮತ್ತು ನೊಣಗಳಿಂದ ಹರಡುವ ಸರ್ರಾ ರೋಗದ ಪರೀಕ್ಷೆಯನ್ನೂ ಮಾಡಿಸಬೇಕು. ಹೊಸ ಕುದುರೆಯನ್ನು ಕನಿಷ್ಠ ಮೂರು ವಾರ ಇತರ ಕುದುರೆಗಳಿಂದ ಪ್ರತ್ಯೇಕವಾಗಿಡಬೇಕು.

ಮೂರನೆಯದು ಒಪ್ಪಂದ. ಉಚಿತವಾಗಿ ಬಂದ ಕುದುರೆ ಆರು ತಿಂಗಳ ಬಳಿಕ ಕೈಬದಲಾಗಿ ಮತ್ತೆ ಮೆರವಣಿಗೆಯ ಮುಂದೆ ನಿಲ್ಲುವುದು ಅಪರೂಪವಲ್ಲ. ಈ ಕುದುರೆಯ ಮೇಲೆ ಸವಾರಿ ಮಾಡುವಂತಿಲ್ಲ, ಗಾಡಿಗೆ ಕಟ್ಟುವಂತಿಲ್ಲ, ಮರಿ ಹಾಕಿಸುವಂತಿಲ್ಲ, ಮಾರುವಂತಿಲ್ಲ. ಸಾಕಲಾಗದಿದ್ದರೆ ಕೊಟ್ಟವರಿಗೇ ಹಿಂತಿರುಗಿಸಬೇಕು. ವಾಸಿಯಾಗದ ನೋವಿನ ಹೊತ್ತಿನಲ್ಲಿ ದಯಾಮರಣದ ನಿರ್ಧಾರ ಯಾರದು — ಇವಿಷ್ಟು ಬರವಣಿಗೆಯಲ್ಲಿರಲಿ. ಸಾಕಲಾಗದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಈಡಾಗುವಂತೆ ಬಿಟ್ಟುಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧ. ಹೆದ್ದಾರಿ ಬದಿಯಲ್ಲಿ ಬಿಟ್ಟವರಿಗೂ ಕೆರೆಯಂಗಳದಲ್ಲಿ ಬಿಟ್ಟವರಿಗೂ ಇದು ಸಮಾನವಾಗಿ ಅನ್ವಯಿಸುತ್ತದೆ.

ಸಾಗಿಸುವಾಗ ಪಶುವೈದ್ಯರ ಪ್ರಮಾಣಪತ್ರ ಇರತಕ್ಕದ್ದು. 1978ರ ಪ್ರಾಣಿ ಸಾಗಣೆ ನಿಯಮಗಳಂತೆ ವಾಹನದ ತಳ ಜಾರದಂತಿರಬೇಕು, ಕುದುರೆಯ ತಲೆ ಎದುರಿನಿಂದ ಬರುವ ವಾಹನಗಳಿಗೆ ವಿರುದ್ಧ ದಿಕ್ಕಿನಲ್ಲಿರಬೇಕು, ವೇಗ ಗಂಟೆಗೆ 35 ಕಿ.ಮೀ. ಮೀರಬಾರದು. ಕೀಲುಬೇನೆಯ ಕುದುರೆಗೆ ಈ ವೇಗದ ಮಿತಿ ಕಾಗದದ ಮಾತಲ್ಲ. ಪ್ರತಿ ಉಬ್ಬಿನಲ್ಲೂ ಅದು ಕಾಲೂರಿ ಸಮತೋಲ ಕಾಯ್ದುಕೊಳ್ಳಬೇಕಾಗುತ್ತದೆ.

ಕುದುರೆಯ ಹೊಟ್ಟೆ ಹಸುವಿನ ಹೊಟ್ಟೆಯಲ್ಲ

ಹಸು ಮೇವನ್ನು ಮೊದಲು ದೊಡ್ಡ ಹೊಟ್ಟೆಯಲ್ಲಿ ಸೂಕ್ಷ್ಮಾಣುಗಳಿಂದ ಹುದುಗಿಸಿ, ಮೆಲುಕು ಹಾಕಿ, ಆಮೇಲೆ ಜೀರ್ಣಿಸುತ್ತದೆ. ಮೇವಿನಲ್ಲಿರುವ ಹಲವು ವಿಷವಸ್ತುಗಳು ಅಲ್ಲಿಯೇ ಒಡೆದುಹೋಗುತ್ತವೆ. ಕುದುರೆಯಲ್ಲಿ ಈ ಕ್ರಮ ತಿರುವುಮುರುವು: ಸಣ್ಣ ಜಠರ ಮತ್ತು ಸಣ್ಣ ಕರುಳನ್ನು ದಾಟಿದ ನಂತರವೇ, ಕರುಳಿನ ಹಿಂಭಾಗದಲ್ಲಿ ನಾರು ಹುದುಗುತ್ತದೆ. ಜಠರದ ಗಾತ್ರ ದೇಹಕ್ಕೆ ಹೋಲಿಸಿದರೆ ಚಿಕ್ಕದು. ದಿನದ ಹೆಚ್ಚಿನ ಭಾಗ ಸ್ವಲ್ಪ ಸ್ವಲ್ಪವೇ ಮೇಯಲೆಂದು ಆದದ್ದು. ಇನ್ನೊಂದು ಸಂಗತಿಯನ್ನು ಮರೆಯಬಾರದು: ಕುದುರೆ ವಾಂತಿ ಮಾಡಲಾರದು. ತಪ್ಪಾದ ತಿನಿಸು ಒಳಹೋದರೆ ಅದು ಹಿಂದಿರುಗುವ ದಾರಿಯಿಲ್ಲ. ಬೆಳಿಗ್ಗೆ ಸಂಜೆ ಎರಡು ಹೊತ್ತು ಹಿಂಡಿ ಬೂಸಾ ಕಲಸಿ ಇಡುವ ಹೈನಿನ ರೂಢಿಯನ್ನು ಕುದುರೆಗೆ ಅನ್ವಯಿಸಿದಲ್ಲಿ ಹೊಟ್ಟೆಶೂಲೆ ಬರುವುದು ಈ ಕಾರಣಕ್ಕೆ.

ಮೊದಲು ತೂಕ ತಿಳಿಯಬೇಕು. ತೂಕದ ಯಂತ್ರ ಬೇಕಿಲ್ಲ; ದರ್ಜಿಯ ಟೇಪು ಸಾಕು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮುಂತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದವನ್ನೂ ಸೆಂಟಿಮೀಟರಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದುದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ತೂಕ ದೊರೆಯುತ್ತದೆ. ಸುತ್ತಳತೆ 165, ಉದ್ದ 150 ಸೆಂ.ಮೀ. ಇರುವ ಕುದುರೆಯ ತೂಕ ಸುಮಾರು 344 ಕೆ.ಜಿ. ಇದನ್ನು 350 ಎಂದೇ ಇಟ್ಟುಕೊಳ್ಳೋಣ.

ಕೆಲಸವಿಲ್ಲದ ಕುದುರೆಗೆ ದೇಹತೂಕದ ಶೇ. 1.5ರಿಂದ 2ರಷ್ಟು ಒಣ ಅಂಶ ಸಾಕು. ಮೇಲಿನ ಕುದುರೆಗೆ ಅದು ದಿನಕ್ಕೆ 7 ಕೆ.ಜಿ.ವರೆಗೆ, ವರ್ಷಕ್ಕೆ ಎರಡೂವರೆ ಟನ್ನು. ದಿನಕ್ಕೆ 4 ಕೆ.ಜಿ. ಒಳ್ಳೆಯ ಒಣಹುಲ್ಲು, 15 ಕೆ.ಜಿ. ಹಸಿರುಮೇವು ಮತ್ತು ಅರ್ಧ ಕಿಲೋ ಬೇಯಿಸಿದ ಹುರುಳಿ ಕೊಟ್ಟರೆ ಈ ಲೆಕ್ಕ ತುಂಬುತ್ತದೆ. ಇದನ್ನು ನಾಲ್ಕೈದು ಬಾರಿಗೆ ಹಂಚಿ, ರಾತ್ರಿಗೂ ಒಂದಿಷ್ಟು ಒಣಹುಲ್ಲು ಮುಂದಿರುವಂತೆ ನೋಡಿಕೊಳ್ಳಬೇಕು. ನೀರು 20 ಲೀಟರಿಗೆ ಕಡಿಮೆಯಿಲ್ಲದಂತೆ, ಬೇಸಿಗೆಯಲ್ಲಿ 30 ಲೀಟರಿಗೂ ಮೇಲೆ. ಉಪ್ಪಿನ ಗಡ್ಡೆ ನೆಕ್ಕಲು ಸಿಗುವಂತಿರಲಿ. ಮೇವು ಬದಲಿಸುವಾಗ ಹತ್ತು ಹದಿನೈದು ದಿನಗಳಲ್ಲಿ ಹಂತಹಂತವಾಗಿ ಬದಲಿಸಬೇಕು.

ಎಲುಬು ಎದ್ದು ಕಾಣುವಂತೆ ಬಡಕಲಾದ ಕುದುರೆ ಬಂದಾಗ ಮನೆಮಂದಿಯೆಲ್ಲ ಪ್ರೀತಿಯಿಂದ ಧಾನ್ಯ, ಬೆಲ್ಲ, ಬೂಸಾ ತಂದಿಡುತ್ತಾರೆ. ಇದು ಕೊಲ್ಲುವ ಪ್ರೀತಿ. ಬಹುಕಾಲ ಹಸಿದ ದೇಹಕ್ಕೆ ಪಿಷ್ಟ ಒಮ್ಮೆಲೇ ಸಿಕ್ಕರೆ ರಕ್ತದ ಲವಣಾಂಶಗಳು ಏರುಪೇರಾಗಿ, ಮೊದಲ ವಾರದೊಳಗೇ ಹೃದಯ ಅಥವಾ ಉಸಿರಾಟ ಕುಸಿಯಬಹುದು. ಅಂತಹ ಕುದುರೆಗೆ ಮೊದಲ ಹತ್ತು ದಿನ ಧಾನ್ಯ ಬೇಡವೇ ಬೇಡ. ಒಣಗಿಸಿದ ಕುದುರೆ ಮೆಂತೆಯನ್ನು ಅರ್ಧ ಕಿಲೋದಂತೆ ದಿನಕ್ಕೆ ಆರು ಬಾರಿ ಕೊಡುವುದರಿಂದ ಆರಂಭಿಸಿ, ಪಶುವೈದ್ಯರ ಸೂಚನೆಯಂತೆ ನಿಧಾನವಾಗಿ ಏರಿಸಬೇಕು.

ಯಾವ ಮೇವು ಬೆಳೆಯಬೇಕು

ಈ ಜಿಲ್ಲೆಯ ಹೈನುಗಾರರ ಹೊಲದಲ್ಲಿ ಎಲ್ಲೆಲ್ಲೂ ಕಾಣುವುದು ಹೈಬ್ರಿಡ್ ನೇಪಿಯರ್, ರೈತರು ಸೀಮೆಹುಲ್ಲು ಎನ್ನುವ ಬೆಳೆ. ಹಸುವಿಗೆ ಇದು ಉತ್ತಮ. ಕುದುರೆಗೆ ಇದೊಂದನ್ನೇ ತಿಂಗಳುಗಟ್ಟಲೆ ಕೊಡಕೂಡದು. ನೇಪಿಯರ್, ಗಿನಿ, ಸೆಟಾರಿಯಾ ಮುಂತಾದ ಉಷ್ಣವಲಯದ ಹುಲ್ಲುಗಳಲ್ಲಿ ಆಕ್ಸಲೇಟ್ ಎಂಬ ವಸ್ತು ಹೆಚ್ಚು. ಎಳೆಯ ಎಲೆಯಲ್ಲಿ ಇನ್ನೂ ಹೆಚ್ಚು. ಹಸುವಿನ ದೊಡ್ಡ ಹೊಟ್ಟೆಯ ಸೂಕ್ಷ್ಮಾಣುಗಳು ಇದನ್ನು ಒಡೆಯುತ್ತವೆ. ಕುದುರೆಯಲ್ಲಾದರೋ ಸಣ್ಣ ಕರುಳಿನಲ್ಲೇ ಅದು ಸುಣ್ಣದ ಅಂಶವನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರದಂತೆ ಮಾಡುತ್ತದೆ. ದೇಹವು ಆ ಕೊರತೆಯನ್ನು ಮೂಳೆಗಳಿಂದ ತುಂಬಿಕೊಳ್ಳುತ್ತದೆ. ಮೊದಲು ಈ ಕಾಲು ಒಂದು ದಿನ, ಆ ಕಾಲು ಒಂದು ದಿನ ಎಂಬಂತೆ ಜಾಗ ಬದಲಿಸುವ ಕುಂಟು. ನಂತರ ಹಲ್ಲು ಸಡಿಲ. ಕೊನೆಗೆ ಕೆನ್ನೆಯ ಮೂಳೆ ಉಬ್ಬಿ ತಲೆಯೇ ದಪ್ಪವಾದಂತೆ ಕಾಣುತ್ತದೆ. ಹೊಟ್ಟೆ ತುಂಬ ಹಸಿರು ತಿನ್ನುತ್ತಿರುವ ಕುದುರೆಗೆ ಮೂಳೆ ಸವೆತ ಬಂದೀತೆಂದು ಯಾರೂ ಊಹಿಸುವುದಿಲ್ಲ. ಹಳೆಯ ಕುದುರೆಯಾದರೆ ‘ವಯಸ್ಸಾಯಿತು, ಕುಂಟುತ್ತದೆ’ ಎಂದು ಸುಮ್ಮನಾಗುವುದೂ ಉಂಟು. ಇದಕ್ಕೆ ಗೋಧಿ ಬೂಸಾ ಸೇರಿದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ, ಏಕೆಂದರೆ ಬೂಸಾದಲ್ಲಿ ರಂಜಕ ಹೆಚ್ಚು, ಸುಣ್ಣ ಕಡಿಮೆ.

ಪರಿಹಾರ ನಮ್ಮ ಭಾಷೆಯಲ್ಲೇ ಇದೆ. ಲೂಸರ್ನ್ ಬೆಳೆಗೆ ಕನ್ನಡದಲ್ಲಿ ಕುದುರೆ ಮೆಂತೆ ಎಂದು ಹೆಸರು. ಸುಣ್ಣದ ಅಂಶ ಹೇರಳವಾಗಿರುವ ದ್ವಿದಳ ಮೇವು ಇದು. ಅಕ್ಟೋಬರ್–ನವೆಂಬರಿನಲ್ಲಿ, ನೀರು ನಿಲ್ಲದ ಮಣ್ಣಿನಲ್ಲಿ, ಎಕರೆಗೆ 8ರಿಂದ 10 ಕೆ.ಜಿ. ಬೀಜದಂತೆ ಬಿತ್ತಬಹುದು, ಒಂದು ಕುದುರೆಗೆಂದು 5 ಗುಂಟೆ ಮಾಡುವವರಿಗೆ ಸವಾ ಕಿಲೋ ಬೀಜ ಸಾಕು. ಮೊದಲ ಕಟಾವು ಎರಡು ತಿಂಗಳ ನಂತರ, ಆಮೇಲೆ 25–30 ದಿನಕ್ಕೊಮ್ಮೆ. ಕಸ್ಕ್ಯೂಟ ಎಂಬ ಪರಾವಲಂಬಿ ಕಳೆಯ ಬೀಜ ಬೆರೆಯದ, ವಿಶ್ವಾಸಾರ್ಹ ಮೂಲದ ಬೀಜವನ್ನೇ ಕೊಳ್ಳಬೇಕು. ಕೊಯ್ದ ಕುದುರೆ ಮೆಂತೆಯನ್ನು ಕೆಲವು ಗಂಟೆ ಬಾಡಿಸಿ, ಹುಲ್ಲಿನೊಡನೆ ಬೆರೆಸಿ ಕೊಡಬೇಕು. ಎಳೆಯದನ್ನೇ ಹೊಟ್ಟೆ ತುಂಬ ಕೊಟ್ಟರೆ ಹೊಟ್ಟೆ ಉಬ್ಬರಿಸುತ್ತದೆ.

ಹುಲ್ಲಿನ ಪೈಕಿ ರೋಡ್ಸ್ ಹುಲ್ಲು ಕುದುರೆಗೆ ಸೂಕ್ತ. ಆಕ್ಸಲೇಟ್ ಕಡಿಮೆ, ಒಣಗಿಸಿಡಲು ಯೋಗ್ಯ. ಚಳಿಗಾಲದಲ್ಲಿ ನೀರಾವರಿಯಿದ್ದರೆ ಕೆಂಟ್ ತಳಿಯ ಮೇವಿನ ಓಟ್ಸ್ ಬೆಳೆಯಬಹುದು. ಬದುಗಳ ಮೇಲಿನ ಗರಿಕೆಯನ್ನು ಕಳೆಯೆಂದು ಕಿತ್ತೆಸೆಯುವ ನಾವು ಅದು ಕುದುರೆಗೆ ಒಳ್ಳೆಯ ಹುಲ್ಲುಗಳಲ್ಲಿ ಒಂದೆಂಬುದನ್ನು ನೆನಪಿಡಬೇಕು. ಕಳೆನಾಶಕ ಸಿಂಪಡಿಸದ ಬದುವಾಗಿದ್ದರೆ ಸರಿ. ಹತ್ತು ಹನ್ನೆರಡು ಗುಂಟೆ ನೀರಾವರಿ ಜಮೀನಿನಲ್ಲಿ ಕುದುರೆ ಮೆಂತೆ ಮತ್ತು ರೋಡ್ಸ್ ಹುಲ್ಲು ಬೆಳೆದರೆ ಒಂದು ಕುದುರೆಯ ವಾರ್ಷಿಕ ಮೇವಿನ ಅರ್ಧದಷ್ಟನ್ನಾದರೂ ಪೂರೈಸಿಕೊಳ್ಳಬಹುದು. ಉಳಿದುದನ್ನು ಕೊಳ್ಳಬೇಕು. ಕೊಳ್ಳುವುದಾದರೆ ಸುಗ್ಗಿಯ ಬೆನ್ನಿಗೇ ಕೊಳ್ಳುವುದು ಲೇಸು. ಮಾರ್ಚ್ ನಂತರ ಮೇವಿನ ಬೆಲೆ ಹೇಗಿರುತ್ತದೆಂದು ಇಲ್ಲಿನ ಹೈನುಗಾರರಿಗೆ ಹೇಳಿಕೊಡಬೇಕಾಗಿಲ್ಲ. ಕೊಳವೆಬಾವಿ ಬೇಸಿಗೆಯಲ್ಲಿ ಬತ್ತುವ ತೋಟದವರು ಈ ಲೆಕ್ಕವನ್ನು ಕುದುರೆ ಬರುವ ಮೊದಲೇ ಮಾಡಬೇಕು.

ರಾಗಿ ಹುಲ್ಲು ನಮ್ಮ ಆಧಾರ. ಬತ್ತದ ಹುಲ್ಲಿಗಿಂತ ಇದರಲ್ಲಿ ಸತ್ವ ಹೆಚ್ಚು. ಆದರೂ ಒರಟಾದ್ದರಿಂದ ಒಣಮೇವಿನ ಅರ್ಧಕ್ಕಿಂತ ಹೆಚ್ಚು ಕೊಡುವುದು ಬೇಡ. ಹಲ್ಲು ಸವೆದ ಕುದುರೆಯಾದರೆ ಯಂತ್ರದಲ್ಲಿ ಎರಡು ಮೂರು ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ನೀರು ಚಿಮುಕಿಸಿ ಕೊಡಬೇಕು. ಇಲ್ಲವಾದರೆ ಕರುಳಿನಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಬಣವೆಯ ತಳದ ಬೂಷ್ಟು ಹಿಡಿದ ಹುಲ್ಲನ್ನು ಎಂದಿಗೂ ಕೊಡಬಾರದು. ಹುರುಳಿಯನ್ನು ರಾತ್ರಿ ನೆನೆಸಿ, ಬೇಯಿಸಿ, ಆರಿಸಿ ಕೊಡುವ ಹಿಂದಿನವರ ಪದ್ಧತಿ ಸರಿಯಾದದ್ದೇ. ಹಸಿ ಹುರುಳಿಯಲ್ಲಿರುವ ಜೀರ್ಣಕ್ರಿಯೆಗೆ ಅಡ್ಡಿಯಾಗುವ ಅಂಶ ಬೇಯಿಸಿದಾಗ ಕಡಿಮೆಯಾಗುತ್ತದೆ. ಆದರೆ ಅದು ದುಡಿಯುವ ಕುದುರೆಯ ಆಹಾರ. ಮೈ ತುಂಬಿಕೊಂಡ ನಿವೃತ್ತ ಕುದುರೆಗೆ ಹುರುಳಿ ಇಲ್ಲದೆಯೂ ನಡೆಯುತ್ತದೆ.

ತೋಟದೊಳಗಿನ ವಿಷಗಳು

ಹೊಸಕೋಟೆ, ದೊಡ್ಡಬಳ್ಳಾಪುರ ಭಾಗದಲ್ಲಿ ಕೋಳಿ ಸಾಕಣೆ ಇರುವ ಅನೇಕ ತೋಟಗಳಿವೆ. ಮಾಂಸದ ಕೋಳಿಯ ಆಹಾರದಲ್ಲಿ ರಕ್ತಭೇದಿ ತಡೆಯಲು ಮೊನೆನ್ಸಿನ್, ಸಲಿನೊಮೈಸಿನ್ ಮುಂತಾದ ಔಷಧಿಗಳನ್ನು ಬೆರೆಸುವುದುಂಟು. ಕೋಳಿಗೆ ಕಿಲೋ ದೇಹತೂಕಕ್ಕೆ ಸುಮಾರು 200 ಮಿ.ಗ್ರಾಂ ಮೊನೆನ್ಸಿನ್ ಮಾರಕವಾದರೆ, ಕುದುರೆಗೆ 2ರಿಂದ 3 ಮಿ.ಗ್ರಾಂ ಸಾಕು. ಹೃದಯದ ಸ್ನಾಯು ಹಾಳಾಗುತ್ತದೆ, ಪ್ರತಿವಿಷವಿಲ್ಲ, ಬದುಕುಳಿದರೂ ಹೃದಯ ಮೊದಲಿನಂತಾಗದು. ಆದ್ದರಿಂದ ಕೋಳಿ ಆಹಾರದ ಚೀಲ, ಚೆಲ್ಲಿದ ಕಾಳು, ಕೋಳಿ ಗೊಬ್ಬರದ ರಾಶಿ ಯಾವುದೂ ಕುದುರೆಗೆ ಎಟುಕಬಾರದು. ಕೋಳಿ ಆಹಾರ ಕಲಸಿದ ಸಲಿಕೆ, ಬುಟ್ಟಿಗಳನ್ನು ಕುದುರೆಗೆ ಬಳಸಬಾರದು. ಒಂದೇ ತೋಟದಲ್ಲಿ ಕೋಳಿ ಶೆಡ್ಡು ಮತ್ತು ಕುದುರೆ ಎರಡೂ ಇರುವುದಾದರೆ ಆಹಾರದ ಕೋಣೆಗೆ ಬೀಗವಿರುವುದು ಕಡ್ಡಾಯವೆಂದೇ ನನ್ನ ಅಭಿಪ್ರಾಯ.

ಮೆಕ್ಕೆಜೋಳದ ವಿಷಯದಲ್ಲಿಯೂ ಅಷ್ಟೇ ಎಚ್ಚರ ಬೇಕು. ಕೊಯ್ಲಿನ ಹೊತ್ತಿಗೆ ಮಳೆ ಬಿದ್ದು ಬೂಷ್ಟು ಹಿಡಿದ ತೆನೆಯನ್ನು ಮಾರಲಾಗದೆ ದನಗಳಿಗೆ ಹಾಕುವುದುಂಟು. ಫ್ಯುಸೇರಿಯಮ್ ಶಿಲೀಂಧ್ರದ ವಿಷವು ಕುದುರೆಯ ಮೆದುಳಿನ ಬಿಳಿಭಾಗವನ್ನು ಕರಗಿಸುತ್ತದೆ. ಕುದುರೆ ಸುತ್ತು ಹೊಡೆಯುವುದು, ಗೋಡೆಗೆ ಹಣೆಯೊತ್ತಿ ನಿಲ್ಲುವುದು, ಕುರುಡಾದಂತೆ ಎಡವುವುದು — ಇವು ಕಂಡ ಕೆಲವೇ ದಿನಗಳಲ್ಲಿ ಸಾವು ಸಂಭವಿಸಬಹುದು. ಕೆಟ್ಟ ತೆನೆಯನ್ನು ಬೇರ್ಪಡಿಸಿ ಉಳಿದುದನ್ನು ಕೊಡುವ ಯೋಚನೆಯೂ ಬೇಡ. ಹಸುಗಳಿಗೆಂದು ತುಂಬಿಟ್ಟ ರಸಮೇವನ್ನು ಸಹ ಕುದುರೆಗೆ ಹಾಕದಿರುವುದೇ ಕ್ಷೇಮ. ಸರಿಯಾಗಿ ಹುಳಿಯದ, ಇಲಿ ಹೆಗ್ಗಣ ಸತ್ತು ಸೇರಿದ ರಸಮೇವಿನಿಂದ ಬರುವ ಬಾಟುಲಿಸಂ ವಿಷಕ್ಕೆ ಕುದುರೆ ಬಹಳ ಸೂಕ್ಷ್ಮ.

ಬಹುಕಟಾವು ಮೇವಿನ ಜೋಳವನ್ನು ಹಸಿಯಾಗಿ ವಾರಗಟ್ಟಲೆ ತಿಂದ ಕುದುರೆಯಲ್ಲಿ ಮೂತ್ರ ತೊಟ್ಟಿಕ್ಕುವುದು, ಹಿಂಗಾಲು ತಡವರಿಸುವುದು ಕಾಣಿಸಿಕೊಳ್ಳುತ್ತದೆ. ಎಳೆಯ ಜೋಳದಲ್ಲಿ ಸಯನೈಡ್ ವಿಷದ ಭಯ ಬೇರೆ. ಸುಬಾಬುಲ್ ಸೊಪ್ಪು ತಿಂದರೆ ಬಾಲದ ಮತ್ತು ಕತ್ತಿನ ಕೂದಲು ಉದುರುತ್ತದೆ. ಹಸಿರೆಲೆ ಗೊಬ್ಬರಕ್ಕೆಂದು ಬಿತ್ತಿದ ಸೆಣಬಿನ ಜಾತಿಯ ಗಿಡಗಳು, ವಿಶೇಷವಾಗಿ ಬೀಜ, ಯಕೃತ್ತಿಗೆ ಹಾನಿಕರ. ಕಣಗಿಲೆ, ಉಮ್ಮತ್ತಿ, ಲಂಟಾನ ಬೇಲಿಯಲ್ಲಿದ್ದರೆ ಕಿತ್ತು ಸುಡುವ ಬದಲು ದೂರ ಹೂಳಿ. ಬಾಡಿದ ಕಣಗಿಲೆ ಎಲೆಯೂ ವಿಷವೇ. ಗೊಬ್ಬರಕ್ಕೆ ತಂದ ಹರಳು ಹಿಂಡಿಯ ವಾಸನೆಗೆ ಕುದುರೆ ಬಾಯಿ ಹಾಕಬಹುದು, ಮತ್ತು ಹರಳಿನ ವಿಷ ಸ್ವಲ್ಪವೇ ಸಾಕು. ದೇವನಹಳ್ಳಿ, ದೊಡ್ಡಬಳ್ಳಾಪುರದ ದ್ರಾಕ್ಷಿ ತೋಟದವರು ಚಪ್ಪರದ ಕೆಳಗಿನ ಹುಲ್ಲು ಸೊಂಪಾಗಿದೆಯೆಂದು ಕುದುರೆಯನ್ನು ಬಿಡಬಾರದು. ಬೋರ್ಡೋ ದ್ರಾವಣ ಮತ್ತು ಇತರ ಸಿಂಪರಣೆಯ ಶೇಷ ಆ ಹುಲ್ಲಿನ ಮೇಲಿರುತ್ತದೆ.

ಜಾಗ, ಬೇಲಿ, ಜೊತೆ

ಕಲ್ಲುಕಂಬಕ್ಕೆ ಮುಳ್ಳುತಂತಿ ಬಿಗಿದ ಬೇಲಿ ನಮ್ಮಲ್ಲಿ ಸಾಮಾನ್ಯ. ಬೆದರಿದ ದನ ತಂತಿಯ ಮುಂದೆ ನಿಲ್ಲುತ್ತದೆ. ಬೆದರಿದ ಕುದುರೆ ಓಡುತ್ತದೆ, ಕಾಲು ಸಿಕ್ಕಿಕೊಂಡರೆ ಸೀಳಿಕೊಳ್ಳುವವರೆಗೆ ಎಳೆಯುತ್ತದೆ. ಕುದುರೆ ತಿರುಗಾಡುವ ಭಾಗದಲ್ಲಾದರೂ ಮುಳ್ಳುತಂತಿ ತೆಗೆದು ಬಿದಿರು, ಸರ್ವೆ ಗಳು ಅಥವಾ ಅಗಲ ಪಟ್ಟಿಯ ವಿದ್ಯುತ್ ಬೇಲಿ ಹಾಕಬೇಕು. ಕಣ್ಣು ಕಾಣದ ಕುದುರೆಗೆ ಬೇಲಿಯ ಮೂಲೆಗಳು ಚೂಪಾಗಿರದಂತೆ ನೋಡಿಕೊಳ್ಳುವುದು, ನೀರಿನ ತೊಟ್ಟಿಯ ಜಾಗ ಬದಲಿಸದಿರುವುದು ಅಗತ್ಯ. ಅರ್ಧ ಎಕರೆಯಷ್ಟಾದರೂ ಓಡಾಡುವ ಜಾಗ, ಜಾರದ ಮಣ್ಣಿನ ನೆಲ, ಗಾಳಿಯಾಡುವ ಸೂರು ಇರಲಿ. ಹಗಲಿಡೀ ಮೋಟು ಹಗ್ಗದಲ್ಲಿ ಕಟ್ಟಿಹಾಕಿದ ಕುದುರೆಯ ಕೀಲು ಬೇಗ ಬಿಗಿಯುತ್ತದೆ.

ಕುದುರೆ ಹಿಂಡಿನ ಪ್ರಾಣಿ. ಒಂಟಿಯಾದ ಕುದುರೆ ಬೇಲಿಯುದ್ದಕ್ಕೂ ಅಲೆಯುತ್ತದೆ, ಮರ ಕಚ್ಚುತ್ತದೆ, ಮೇವು ಬಿಡುತ್ತದೆ. ವಯಸ್ಸಾದ, ಸೌಮ್ಯ ಕುದುರೆಗೆ ನಿಜವಾದ ಉದ್ಯೋಗ ದೊರೆಯುವುದು ಇಲ್ಲಿಯೇ: ಒಂಟಿ ಸವಾರಿ ಕುದುರೆಗೆ ಜೊತೆಯಾಗಲು, ತಾಯಿ ಬಿಡಿಸಿದ ಮರಿಗಳ ನಡುವೆ ಹಿರಿಯನಂತೆ ನಿಲ್ಲಲು ಅದಕ್ಕೆ ಓಡುವ ಶಕ್ತಿ ಬೇಕಿಲ್ಲ. ಹಾಗಾಗಿ ಈಗಾಗಲೇ ಒಂದು ಕುದುರೆ ಇರುವ ತೋಟವೇ ಇಂತಹ ಕುದುರೆಗೆ ಮೊದಲ ಆಯ್ಕೆ. ಅದಿಲ್ಲದಿದ್ದರೆ ಕತ್ತೆ ಅಥವಾ ಮೇಕೆಯ ಜೊತೆಗೂ ಒಗ್ಗಿಕೊಳ್ಳುವುದುಂಟು. ಹಳ್ಳಿಕಾರ್ ಎತ್ತುಗಳ ಚೂಪು ಕೊಂಬಿನ ನಡುವೆ ಬಿಡುವುದು ಬೇಡ; ಪಕ್ಕದ ಅಂಕಣದಲ್ಲಿ, ಒಂದನ್ನೊಂದು ಕಾಣುವಂತೆ, ಮೇವು ಬೇರೆಯಾಗಿ ಇಡಬಹುದು. ಮಕ್ಕಳನ್ನು ‘ಒಂದು ಸುತ್ತು’ ಕೂರಿಸುವ ಒತ್ತಾಯ ನೆಂಟರಿಂದ ಬಂದೇ ಬರುತ್ತದೆ. ಸವಾರಿಗೆ ಒದಗದ ಕುದುರೆ ಮಗುವಿನ ಭಾರಕ್ಕೂ ಒದಗದು. ನೋವಾದಾಗ ಅದು ಎತ್ತಿಹಾಕಿದರೆ ಪೆಟ್ಟು ಮಗುವಿಗೆ.

ಗೊರಸನ್ನು ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಿ ಸಮ ಮಾಡಿಸಬೇಕು. ಎತ್ತಿಗೆ ಲಾಳ ಹೊಡೆಯುವವರ ಕೌಶಲ ಬೇರೆ, ಕುದುರೆಯ ಗೊರಸಿನ ಕೆಲಸ ಬೇರೆ; ಸವಾರಿ ಶಾಲೆಗಳಿಗೆ ಬರುವ ಲಾಳದವರನ್ನು ಗೊತ್ತುಮಾಡಿಕೊಳ್ಳುವುದು ಉತ್ತಮ. ನಿವೃತ್ತ ಕುದುರೆಗೆ ಸಾಮಾನ್ಯವಾಗಿ ಲಾಳ ಬೇಕಾಗುವುದಿಲ್ಲ. ವರ್ಷಕ್ಕೊಮ್ಮೆ ಹಲ್ಲು ಅರ ಹಾಕಿಸಬೇಕು. ಅಗಿದ ಹುಲ್ಲಿನ ಉಂಡೆಗಳು ಬಾಯಿಂದ ಕೆಳಗೆ ಬೀಳುತ್ತಿದ್ದರೆ, ಲದ್ದಿಯಲ್ಲಿ ಇಡೀ ಕಾಳು ಕಾಣಿಸಿದರೆ ಹಲ್ಲಿನ ತೊಂದರೆಯೆಂದು ತಿಳಿಯಬೇಕು. ಧನುರ್ವಾಯುವಿಗೆ ಕುದುರೆ ಅತಿ ಸುಲಭವಾಗಿ ತುತ್ತಾಗುವುದರಿಂದ ಅದರ ಲಸಿಕೆಯೂ ರೇಬೀಸ್ ಲಸಿಕೆಯೂ ತಪ್ಪಬಾರದು. ಲದ್ದಿ ಎತ್ತುವ ಆಳುಗಳಿಗೂ ಧನುರ್ವಾಯು ಚುಚ್ಚುಮದ್ದು ಆಗಿರಬೇಕು.

ಲದ್ದಿಯ ಬಗ್ಗೆ ಒಂದು ಮಾತು. ದಿನಕ್ಕೆ ಹದಿನೈದು ಕಿಲೋ ಆಸುಪಾಸು ಸಿಗುವ ಈ ಗೊಬ್ಬರ ಸಗಣಿಗಿಂತ ಒಣ, ಬೇಗ ಕಾವೇರುತ್ತದೆ. ಕುದುರೆ ಹುಲ್ಲಿನ ಬೀಜಗಳನ್ನು ಪೂರ್ತಿ ಜೀರ್ಣಿಸದ ಕಾರಣ ಹಸಿ ಲದ್ದಿ ಹಾಕಿದ ಮಡಿಯಲ್ಲಿ ಕಳೆ ಏಳುತ್ತದೆ. ರಾಶಿ ಮಾಡಿ, ತೇವ ಕಾಯ್ದು, ಎರಡು ಮೂರು ಬಾರಿ ಮಗುಚಿ ಚೆನ್ನಾಗಿ ಕಾವು ಬರುವಂತೆ ಕೊಳೆಸಿದರೆ ತರಕಾರಿ ಮತ್ತು ಹೂವಿನ ಬೆಳೆಗೆ ಅತ್ಯುತ್ತಮ. ಸಾಕಿದವರಿಗೆ ಕುದುರೆಯಿಂದ ಹಿಂತಿರುಗುವ ಆದಾಯವೆಂದರೆ ಇದೊಂದೇ.

ಕೊನೆಯ ದಿನಗಳು

ಎದ್ದು ನಿಲ್ಲಲು ಒದ್ದಾಡುವುದು, ಮೇವು ಮುಂದಿದ್ದರೂ ಮೈ ಕರಗುತ್ತಿರುವುದು, ಜೊತೆಯ ಪ್ರಾಣಿಯಿಂದ ದೂರ ನಿಲ್ಲುವುದು — ಇವನ್ನು ದಿನಾಂಕ ಸಹಿತ ಬರೆದಿಟ್ಟರೆ ಪಶುವೈದ್ಯರ ತೀರ್ಮಾನಕ್ಕೆ ಸಹಾಯವಾಗುತ್ತದೆ. ಗೊರಸು ಬಿಸಿಯಾಗಿ ಕುದುರೆ ಹಿಂದಕ್ಕೆ ವಾಲಿ ನಿಂತರೆ, ಹೊಟ್ಟೆ ನೋಡಿಕೊಳ್ಳುತ್ತ ಪದೇ ಪದೇ ಬಿದ್ದು ಹೊರಳಿದರೆ ಅದು ಅಂದೇ ಕರೆಯಬೇಕಾದ ತುರ್ತು. ನೋವಿಗೆ ಮನೆಯಲ್ಲಿ ಉಳಿದ ಮಾತ್ರೆ, ಚುಚ್ಚುಮದ್ದು ಬಳಸಬಾರದು. ಡೈಕ್ಲೊಫೆನಾಕ್‌ನ ಪಶು ಬಳಕೆ 2006ರಿಂದಲೂ, ಕೀಟೊಪ್ರೊಫೆನ್ ಮತ್ತು ಅಸಿಕ್ಲೊಫೆನಾಕ್‌ಗಳದು 2023ರಿಂದಲೂ ನಿಷಿದ್ಧ. ಈ ಔಷಧ ಪಡೆದು ಸತ್ತ ಪ್ರಾಣಿಯನ್ನು ತಿಂದ ರಣಹದ್ದು ಸಾಯುತ್ತದೆ, ಮತ್ತು ರಾಮನಗರದ ರಾಮದೇವರಬೆಟ್ಟದ ರಣಹದ್ದು ಧಾಮ ನೆಲಮಂಗಲಕ್ಕೆ ದೂರವೇನಲ್ಲ.

ವಾಸಿಯಾಗದ ನೋವಿಗೆ ದಯಾಮರಣ ಕಾನೂನಿನಲ್ಲಿ ಅವಕಾಶವಿರುವ ಮಾರ್ಗ. ನೋಂದಾಯಿತ ಪಶುವೈದ್ಯರು ಮಾತ್ರ ಮಾಡತಕ್ಕದ್ದು. ಈ ಮಾತನ್ನು ಮನೆಯವರೆಲ್ಲ ಕುದುರೆ ಆರೋಗ್ಯವಾಗಿರುವಾಗಲೇ ಆಡಿಕೊಂಡಿರಬೇಕು. ‘ತಾನಾಗಿಯೇ ಹೋಗಲಿ’ ಎಂದು ಬಿಟ್ಟ ಕುದುರೆ ಮಲಗಿದಲ್ಲೇ ದಿನಗಟ್ಟಲೆ ನರಳುವುದು ನೋಡಲಾಗದ ದೃಶ್ಯ. ಹೂಳಲು ಜೆಸಿಬಿ ಬೇಕಾಗುತ್ತದೆ. ಬಾವಿ, ಕೊಳವೆಬಾವಿ, ಕೆರೆ ಕಾಲುವೆಗಳಿಂದ ದೂರ, ನಾಯಿಗಳು ಕೆದಕದಷ್ಟು ಆಳವಾಗಿ ಗುಂಡಿ ತೆಗೆದು, ಸುಣ್ಣ ಹಾಕಿ ಮುಚ್ಚಬೇಕು. ದಯಾಮರಣದ ಔಷಧ ದೇಹದಲ್ಲಿ ಉಳಿದಿರುವುದರಿಂದ ಕಳೇಬರವನ್ನು ಬಯಲಲ್ಲಿ ಬಿಡಲೇಬಾರದು.

ತುರ್ತು ಪಶುಚಿಕಿತ್ಸೆಗೆ 1962 ಸಂಖ್ಯೆಗೆ ಕರೆ ಮಾಡಬಹುದು. ಕುದುರೆಯ ಹೆಚ್ಚಿನ ತಪಾಸಣೆಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಮೇವಿನ ಬೆಳೆಗಳ ಬೀಜ, ಬೇರುಕಡ್ಡಿ ಹಾಗೂ ಬೇಸಾಯ ಕ್ರಮಗಳ ಬಗ್ಗೆ ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ಸಮೀಪದ ರೈತ ಸಂಪರ್ಕ ಕೇಂದ್ರವನ್ನು ವಿಚಾರಿಸಬಹುದು. ಹೋಗುವಾಗ ಕುದುರೆಯ ಎದೆಸುತ್ತಳತೆ, ಉದ್ದ ಮತ್ತು ಈಗ ಕೊಡುತ್ತಿರುವ ಮೇವಿನ ವಿವರ ಬರೆದುಕೊಂಡು ಹೋಗುವುದು ಒಳ್ಳೆಯದು.